ಅಣ್ಣನ ಫ್ಯಾಮಿಲಿ ಪ್ಲಾನು

ಭಾನುವಾರ, ಮಧ್ಯಾಹ್ನ
ಅಂಗಡಿಯ ಒಳಕೋಣೆಯಿಂದ

ಪ್ರೀತಿಯ ಪಿಟೀಲು,

ನಿನ್ನ ಮೆಸೇಜು ಬಂತು. ಮೊದಲ ಸಲ ಓದಿ ನಕ್ಕೆ. ಎರಡನೆಯ ಸಲ ಓದಿ ಕೈಯಲ್ಲಿದ್ದ ಕೀ ಉಜ್ಜುವ ಅರ ಕೆಳಗಿಟ್ಟೆ. “ಅಕ್ಕ, ಒಂದು ಫೋನ್ ಬಿಲ್ಲಿಗೋಸ್ಕರ ಮನೆ ಒಡೀಬೇಕಿತ್ತಾ? ಅಣ್ಣ ಎಷ್ಟು ನೊಂದ್ಕೊಂಡಿದ್ದಾನೆ ಗೊತ್ತಾ?” ಎಂದು ಕೇಳಿದ್ದೀಯ. ಗೊತ್ತು ಮಾರಾಯ್ತಿ. ಅಣ್ಣ ನೊಂದುಕೊಳ್ಳುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ತಟ್ಟೆಯಲ್ಲಿನ ದೊಡ್ಡ ತುಂಡು ತನಗೆ ಸಿಗದಿದ್ದರೆ ಮೂಗು ಕೆಂಪು ಮಾಡಿಕೊಂಡು ಮೂಲೆ ಹಿಡಿಯುತ್ತಿದ್ದನಲ್ಲ, ಇದು ಅದೇ ನೋವು. ಈಗ ಮೂಗಿನ ಕೆಳಗೆ ಮೀಸೆಯೊಂದು ಬಂದಿದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಕಾಗದ ಪೆನ್ನು ಹುಡುಕುವ ಕೆಲಸ ಇರುತ್ತಿರಲಿಲ್ಲ. ಆದರೆ ನಿನ್ನ ಕೈಯಲ್ಲಿರುವ ಫೋನು ನಿನ್ನದಲ್ಲ ತಂಗಿ, ಅಣ್ಣನದು. ನಾನು ನಿನಗೆ ಯಾವಾಗ ಫೋನ್ ಮಾಡಿದೆ, ಎಷ್ಟು ಹೊತ್ತು ಮಾತಾಡಿದೆ ಎಂಬುದು ಅವನ ಬಿಲ್ಲಿನಲ್ಲಿ ಅಚ್ಚಾಗಿ ಬರುತ್ತದೆ. ಏನು ಮಾತಾಡಿದೆವು ಎಂಬುದು ಬರುವುದಿಲ್ಲ. ಅದಕ್ಕೆ ಅವನು ನಿನಗೇ ಫೋನ್ ಮಾಡುತ್ತಾನೆ, “ಏನಂದ್ಲು ನಿಮ್ಮಕ್ಕ?” ಎಂದು ಜೇನಿನ ದನಿಯಲ್ಲಿ ಕೇಳುತ್ತಾನೆ, ನೀನು ಕಕ್ಕಿಬಿಡುತ್ತೀಯ. ನಿನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ; ಚಿಕ್ಕಂದಿನಲ್ಲಿ ಅಳು ನಿಲ್ಲುತ್ತಿರಲಿಲ್ಲ, ಹಾಗೇ. ಆದ್ದರಿಂದ ಕಾಗದ.

ಆ ಪ್ಲಾನು ಹೇಗೆ ಶುರುವಾಯಿತು ಎಂಬುದನ್ನು ನೀನು ವಿಡಿಯೋದಲ್ಲಿ ನೋಡಿದವಳು, ನಾನು ಎದುರಿಗೆ ಕೂತಿದ್ದವಳು. ಅಪ್ಪ ತೀರಿಹೋದ ವರ್ಷ. ಅಣ್ಣ ಬಣ್ಣದ ಕಾಗದಗಳ ಕಟ್ಟು ಹಿಡಿದುಕೊಂಡು ಬಂದ. ನಮ್ಮ ಊಟದ ಮೇಜಿನ ಮೇಲೆ ಹರಡಿ, ಡ್ರೈವಿಂಗ್ ಸ್ಕೂಲಿನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಕ್ಲಚ್ಚು ಗೇರು ಹೇಳಿಕೊಡುವ ಧಾಟಿಯಲ್ಲಿ ನಮಗೆ ಹೇಳಿಕೊಟ್ಟ. “ಒಂದೇ ಕುಟುಂಬ, ಒಂದೇ ಬಿಲ್ಲು. ತಲಾ ಇಷ್ಟು ಕೊಟ್ರೆ ಸಾಕು, ಉಳಿದ ತಲೆನೋವೆಲ್ಲ ನನ್ನದು.” ಐದು ನಂಬರು: ಅವನದು, ಅತ್ತಿಗೆಯದು, ಅಮ್ಮನದು, ನಿನ್ನದು, ಮತ್ತೆ ಅಪ್ಪನ ಕಾಲದಿಂದ ಇದ್ದ ನಮ್ಮ ಬೀಗದಂಗಡಿಯ ನಂಬರು. ನೀನು ಅಲ್ಲಿಂದಲೇ ಚಪ್ಪಾಳೆ ತಟ್ಟಿದೆ. ಅಮ್ಮ ಮಾತ್ರ, “ನಂಗ್ಯಾಕಪ್ಪಾ ಫೋನು? ನಾನು ಮಾತಾಡ್ಬೇಕಾದೋರೆಲ್ಲ ಕೂಗಿದ್ರೆ ಕೇಳೋಷ್ಟು ದೂರದಲ್ಲೇ ಇದ್ದಾರೆ” ಎಂದಳು. “ಅಮ್ಮಾ, ನಿನ್ನ ನಂಬರ್ ಸೇರಿಸಿದ್ರೇನೇ ರಿಯಾಯಿತಿ” ಎಂದ ಅಣ್ಣ. ಅಮ್ಮ ಒಂದು ರಿಯಾಯಿತಿ ಎಂಬುದು ಆಗಲೇ ನನಗೆ ಹೊಳೆಯಬೇಕಿತ್ತು.

ಆ ಬಣ್ಣದ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿದ್ದದ್ದನ್ನು ನಾವು ಓದಿದೆವು. ಸಣ್ಣ ಅಕ್ಷರದಲ್ಲಿದ್ದದ್ದನ್ನು ಅವನೊಬ್ಬನೇ ಓದಿದ್ದ. ಮೊದಲನೆಯ ನಂಬರಿಗೆ ಪೂರ್ತಿ ದರ, ಆಮೇಲೆ ಸೇರಿಸುವ ಒಂದೊಂದಕ್ಕೂ ಬರೀ ಚಿಲ್ಲರೆ. ಅಂದರೆ ನೀನೂ ನಾನೂ ಅಮ್ಮನ ಪಾಲು ಸೇರಿಸಿ ಪ್ರತಿ ತಿಂಗಳು “ತಲಾ ಇಷ್ಟು” ಎಂದು ಕಳಿಸುತ್ತಿದ್ದೆವಲ್ಲ, ಅದರಲ್ಲೇ ಅವನ ಮನೆಯ ಬಿಲ್ಲೂ ತೀರಿ ಮಿಕ್ಕುತ್ತಿತ್ತು. ನೀನಂತೂ ಅದರ ಜೊತೆಗೆ “ಥ್ಯಾಂಕ್ಸ್ ಅಣ್ಣ, ನೀನಿಲ್ದಿದ್ರೆ ನಮ್ಮ ಗತಿ ಏನು” ಎಂದು ಹೂವಿನ ಚಿತ್ರ ಬೇರೆ ಕಳಿಸುತ್ತಿದ್ದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಒಂದು ಹನಿ ರಕ್ತ ನೋಡಿ ಮನುಷ್ಯನ ಒಳಗಿರುವುದನ್ನೆಲ್ಲ ಹೇಳುವವಳು ನೀನು. ಅಣ್ಣನನ್ನು ಮಾತ್ರ ಗಾಜಿನಡಿ ಇಟ್ಟು ನೋಡಲಿಲ್ಲ.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಚಿಲ್ಲರೆ ಆಸೆ ಇರುವ ಅಣ್ಣಂದಿರು ಊರ ತುಂಬ ಇದ್ದಾರೆ. ಆದರೆ ಆ ಪ್ಲಾನಿನಲ್ಲಿ ಅವನಿಗೆ ದುಡ್ಡಿಗಿಂತ ರುಚಿಯಾದದ್ದು ಇನ್ನೊಂದು ಸಿಕ್ಕಿತ್ತು. ಅವನ ತರಬೇತಿ ಕಾರನ್ನು ನೀನು ನೋಡಿದ್ದೀಯ. ಕಲಿಯುವವರು ಸ್ಟೀರಿಂಗು ಹಿಡಿದು ಬೆವರುತ್ತಿರುತ್ತಾರೆ. ಪಕ್ಕದಲ್ಲಿ ಕಾಲು ಚಾಚಿ ಕೂತ ಅಣ್ಣನ ಪಾದದ ಕೆಳಗೆ ಇನ್ನೊಂದು ಬ್ರೇಕು ಇರುತ್ತದೆ. ಅವನಿಗೆ ಜಗತ್ತಿನಲ್ಲಿ ಅತ್ಯಂತ ಇಷ್ಟವಾದ ವಸ್ತು ಅದು. ಮನೆಮಂದಿಗೆಲ್ಲ ಅಂಥದ್ದೊಂದು ಅಳವಡಿಸಲು ಅವನು ಇಷ್ಟು ವರ್ಷ ದಾರಿ ಹುಡುಕುತ್ತಿದ್ದ.

ತಿಂಗಳ ಕೊನೆಗೆ ಎಲ್ಲರ ಇಂಟರ್ನೆಟ್ಟೂ ಆಮೆಯಾಗುತ್ತಿತ್ತು. ಆಗ ಅವನಿಂದ ಎಲ್ಲರಿಗೂ ಒಂದು ಮೆಸೇಜು: “ಯಾರೋ ಮಿತಿ ಮೀರಿ ವಿಡಿಯೋ ನೋಡ್ತಿದ್ದೀರಿ. ಹಂಚ್ಕೊಂಡು ತಿನ್ನೋದನ್ನ ಕಲೀರಿ.” ಒಂದು ಸಲ ಅಮ್ಮನನ್ನು ನಿಲ್ಲಿಸಿಕೊಂಡು ಕೇಳಿದ. ಅಮ್ಮ! ಫೋನನ್ನು ಒದ್ದೆಯಾಗದಂತೆ ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿ ಇಡುವವಳು. ಅವಳು ಹೆದರಿ, “ಅದು ತಾನಾಗೇ ನೋಡ್ಕೊಂಡಿರ್ಬೇಕು” ಎಂದಳು. ಡೇಟಾ ತಿನ್ನುತ್ತಿದ್ದವನು ಅವನೇ. ರಿವರ್ಸ್ ಪಾರ್ಕಿಂಗ್ ಮಾಡುವುದು ಹೇಗೆಂದು ದಿನವೂ ವಿಡಿಯೋ ಮಾಡಿ ಲೋಕಕ್ಕೆ ಬಡಿಸುತ್ತಿದ್ದ. ನೋಡುವವರು ಯಾರೂ ಇರಲಿಲ್ಲ, ಅದು ಬೇರೆ ವಿಷಯ.

ಇನ್ನೊಂದು ದಿನ ಅವನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಎಲ್ಲರ ಮುಂದೆ, ನೀರು ಕೇಳುವಷ್ಟು ಸಲೀಸಾಗಿ ಕೇಳಿದ: “ಆ ಗಾಜಿನಂಗಡಿಯವನ ಜೊತೆ ವಾರವಾರ ಅಷ್ಟು ಹೊತ್ತು ಏನು ಮಾತು ನಿಂದು?” ನಾನು, “ಗಾಜಿನ ವಿಷ್ಯ” ಎಂದೆ. “ಅಷ್ಟೊಂದು ಗಾಜಾ?” ಎಂದ. ಅತ್ತಿಗೆ ತಟ್ಟೆಯ ಮೇಲಿಂದ ಕಣ್ಣೆತ್ತಲಿಲ್ಲ. ಅವನಿಗೆ ಹೇಗೆ ತಿಳಿಯಿತು ಎಂದು ಆಗ ನನಗೆ ಬಗೆಹರಿಯಲಿಲ್ಲ. ಏನು ಮಾತಾಡುತ್ತಿದ್ದೆವು ಎಂಬುದನ್ನು ಅವನಿಗೆ ಹೇಳಲಿಲ್ಲ. ನಿನಗೂ ಹೇಳುವುದಿಲ್ಲ, ಹಲ್ಲು ಬಿಡಬೇಡ.

ಈಗ ಬೇಕರಿ ಮೇಲಿನ ಒಂದು ಮನೆಯ ವಿಷಯಕ್ಕೆ ಬರುತ್ತೇನೆ. ಅಣ್ಣ ಇದನ್ನು ನಿನಗೆ ಹೇಳಿರುವುದಿಲ್ಲ. ಹೇಳಿದ್ದರೂ “ಏನೋ ಒಂದು ಸಣ್ಣ ಅಚಾತುರ್ಯ” ಎಂದಿರುತ್ತಾನೆ.

ಡ್ರೈವಿಂಗ್ ಸ್ಕೂಲಿನವರ ಸಮ್ಮೇಳನ ಅಂತ ಅಣ್ಣ ಹೊರದೇಶಕ್ಕೆ ಹೋಗಿದ್ದನಲ್ಲ, ಆ ವಾರ. ಅಲ್ಲಿಂದ ದೋಣಿಯ ಮೇಲೆ ಟೋಪಿ ಹಾಕಿಕೊಂಡು ನಿಂತು ನೇರಪ್ರಸಾರ ಮಾಡುತ್ತಿದ್ದ. ನೀನು ಹೃದಯದ ಗುರುತು ಒತ್ತಿದ್ದೆ, ನಾನು ನೋಡಿದ್ದೇನೆ. ಹೊರದೇಶದಲ್ಲಿ ಹಾಗೆ ಫೋನು ಉರಿಸಿದರೆ ಬಿಲ್ಲು ಹಾಲಿನ ಹಾಗೆ ಉಕ್ಕುತ್ತದೆ. ಇಡೀ ಕುಟುಂಬಕ್ಕೆ ಸೇರಿ ಒಂದೇ ಮಿತಿ. ಅವನೊಬ್ಬ ಅದನ್ನು ದಾಟಿದರೆ ಐದೂ ನಂಬರಿಗೆ ಸಂಚಕಾರ. ಆ ವಾರ ಎರಡು ದಿನ ನಿನ್ನ ಫೋನೂ ಸತ್ತಿತ್ತು. ನೀನು ಟವರಿನ ತೊಂದರೆ ಅಂದುಕೊಂಡೆ. ನಾನು ಅಷ್ಟೂ ಅಂದುಕೊಳ್ಳಲಿಲ್ಲ. ಅಂಗಡಿಯಲ್ಲಿ ಒಂದು ಮೇಜಿನ ಡ್ರಾಯರಿಗೆ ಕೀ ಉಜ್ಜುತ್ತ ಕೂತಿದ್ದೆ, ಇವತ್ತು ಯಾಕೋ ಒಂದೂ ಕರೆ ಬಂದಿಲ್ಲ, ಸದ್ಯ, ನೆಮ್ಮದಿಯಾಗಿ ಕೆಲಸ ಮುಗಿಸಬಹುದು ಅಂದುಕೊಂಡೆ.

ನಮ್ಮ ಅಂಗಡಿಯಿಂದ ಎರಡು ಬೀದಿ ಆಚೆ, ಬೇಕರಿಯ ಮೇಲಿನ ಮನೆ. ಅಲ್ಲಿ ಒಬ್ಬ ತಾಯಿ ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋಗಿದ್ದಾಳೆ. ಇನ್ನೂ ಸರಿಯಾಗಿ ಮಾತೂ ಬಾರದ ಅವಳ ಮಗಳು ಅಡುಗೆಮನೆಯ ಒಳಗೆ ನಿಂತು ಬಾಗಿಲು ದೂಡಿ ಮುಚ್ಚಿ, ಗುಂಡು ಹಿಡಿಯ ನಡುವೆ ಇರುವ ಗುಂಡಿಯನ್ನು ಆಟಕ್ಕೆ ಒತ್ತಿದ್ದಾಳೆ. ಬಾಗಿಲಿಗೆ ಒಳಗಿನಿಂದ ಬೀಗ ಬಿದ್ದುಕೊಂಡಿತು. ಅವರ ಬಾಗಿಲ ಚೌಕಟ್ಟಿನ ಮೇಲೆ ಅಪ್ಪನೇ ಅಂಟಿಸಿದ್ದ ನಮ್ಮ ಸ್ಟಿಕ್ಕರ್ ಇತ್ತು: ಬೀಗ ಬಿದ್ದರೆ ಕರೆ ಮಾಡಿ, ಯಾವ ಹೊತ್ತಿಗಾದರೂ. ಕರೆ ಮಾಡಿದಳು. ಈ ಸಂಖ್ಯೆ ಚಾಲ್ತಿಯಲ್ಲಿಲ್ಲ. ಮತ್ತೆ ಮಾಡಿದಳು. ಈ ಸಂಖ್ಯೆ ಚಾಲ್ತಿಯಲ್ಲಿಲ್ಲ. ಒಳಗೆ ಮಗು ಮೊದಲು ನಗುತ್ತಿತ್ತಂತೆ. ಆಮೇಲೆ ಹಾಲು ಉಕ್ಕಿ, ಸೀದು, ಒಲೆಯ ಪಕ್ಕದ ಬಟ್ಟೆಗೆ ಕಿಡಿ ತಾಗಿ ಹೊಗೆಯೆದ್ದಾಗ ಕೆಮ್ಮಲು ಶುರುಮಾಡಿತು. ನನ್ನ ಅಂಗಡಿಗೆ ಓಡಿ ಬರಬಹುದಿತ್ತು ಎಂದು ನೀನು ಹೇಳಬಹುದು. ಕೆಮ್ಮುವ ಮಗುವನ್ನು ಬಾಗಿಲಾಚೆ ಬಿಟ್ಟು ಯಾವ ತಾಯಿಗೆ ಮೆಟ್ಟಿಲಿಳಿಯಲು ಕಾಲು ಬರುತ್ತದೆ?

ಬೇಕರಿಯವನು ಸಲಾಕೆ ತಂದು ಬಾಗಿಲು ಒಡೆದ. ಪಾಪ, ಅವನಿಗೆ ಗೊತ್ತಿದ್ದದ್ದು ಅಷ್ಟೇ. ಹಲಗೆ ಒಳಗೆ ಬಿತ್ತು, ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದ ಮಗುವಿನ ಮೇಲೆ. ಕೈಯ ಮೂಳೆ ಎರಡು ಕಡೆ ಮುರಿಯಿತು.

ಆ ಗುಂಡು ಹಿಡಿಯ ಬೀಗ ಎಂಥದ್ದು ಗೊತ್ತಾ? ಬೀಗ ಎಂದು ಕರೆಯಲೂ ನನಗೆ ಮನಸ್ಸಿಲ್ಲ. ಹಿಡಿಯ ಈಚೆ ಬದಿಯಲ್ಲೊಂದು ಸಣ್ಣ ತೂತು ಇರುತ್ತದೆ. ಅದರೊಳಗೆ ಒಂದು ಗಟ್ಟಿ ತಂತಿ ತೂರಿಸಿ ಒತ್ತಿದರೆ ಆಕಳಿಕೆ ಮುಗಿಯುವುದರೊಳಗೆ ಬಿಚ್ಚಿಕೊಳ್ಳುತ್ತದೆ. ಓಡುವ ದಾರಿ ಬೇಡ, ಫೋನಿನಲ್ಲೇ ಹೇಳಿಕೊಡುತ್ತಿದ್ದೆ. ಅವಳ ತಲೆಯ ಪಿನ್ನೇ ಸಾಕಾಗುತ್ತಿತ್ತು.

ಸಂಜೆ ಆ ಮಗುವಿನ ತಂದೆ ಅಂಗಡಿಗೆ ಬಂದು ಇಷ್ಟನ್ನೂ ಹೇಳಿದ. ಜಗಳಕ್ಕೆ ಬಂದ ಎಂದುಕೊಂಡು ನಾನು ಎದ್ದು ನಿಂತೆ. ಅವನು ಬೋರ್ಡನ್ನು ನೋಡಿದ, ನನ್ನನ್ನು ನೋಡಿದ. “ಯಾವ ಹೊತ್ತಿಗಾದ್ರೂ ಅಂತ ಬರ್ದಿದ್ದೀರಲ್ಲ ಮೇಡಂ. ಅದನ್ನ ಅಳಿಸ್ಬಿಡಿ. ಜನ ನಂಬ್ತಾರೆ” ಎಂದ. ಹೊರಟುಹೋದ. ಆಗಲೇ ನಾನು ಫೋನು ತೆಗೆದು ನೋಡಿದ್ದು, ಅದು ಸತ್ತಿದೆ ಎಂದು ತಿಳಿದದ್ದು.

ಮರುದಿನ ಫೋನ್ ಕಂಪನಿಯ ಅಂಗಡಿಗೆ ಹೋದೆ. ತಣ್ಣನೆಯ ಕೋಣೆ, ಒಂದು ಚೀಟಿ ಕೊಟ್ಟು ಕೂರಿಸಿದರು. ಕೌಂಟರಿನಲ್ಲಿದ್ದ ಹುಡುಗಿ ಪರದೆಯಿಂದ ಮುಖ ತಿರುಗಿಸದೆ, “ನೀವು ಗ್ರಾಹಕರಲ್ಲ ಮೇಡಂ” ಎಂದಳು. ಮತ್ತೆ ನಾನು ಯಾರಮ್ಮ ಎಂದೆ. “ನೀವು ಸದಸ್ಯರು. ಗ್ರಾಹಕರು ಅಂದ್ರೆ ಖಾತೆದಾರರು. ಅವರನ್ನ ಕರ್ಕೊಂಡು ಬನ್ನಿ.” ಅವರು ದೋಣಿಯ ಮೇಲಿದ್ದಾರೆ ಎಂದೆ. ಅಪ್ಪನ ಕಾಲದ ನಂಬರು, ನಮ್ಮ ಅಂಗಡಿಯದು, ಊರಿನ ಅರ್ಧ ಬಾಗಿಲುಗಳ ಮೇಲೆ ಅಂಟಿದೆ ಎಂದೆ. ಪ್ಲಾನಿಗೆ ಸೇರಿಸಿದ ದಿನವೇ ಐದೂ ನಂಬರು ಖಾತೆದಾರರ ಹೆಸರಿಗೆ ಹೋಗುತ್ತವೆ, ಅವರು ಒಪ್ಪಿದರೆ ಮಾತ್ರ ಬಿಡಿಸಿಕೊಳ್ಳಬಹುದು ಎಂದಳು. ಮಗುವಿನ ಕೈ ಮುರಿದದ್ದನ್ನು ಹೇಳಿದಾಗ ಮಾತ್ರ ಅವಳು ಮುಖ ತಿರುಗಿಸಿದಳು. ಆಮೇಲೆ ದನಿ ತಗ್ಗಿಸಿ ಹೇಳಿದ ಮಾತನ್ನು ಹಾಗೇ ಬರೆಯುತ್ತಿದ್ದೇನೆ: “ನಾನು ಹೇಳಬಾರದು ಮೇಡಂ. ಮಿತಿ ದಾಟೋ ಮುಂಚೆ ಖಾತೆದಾರರಿಗೆ ಕೇಳಿದ್ದಾರೆ. ಈಗ್ಲೇ ಕಟ್ತೀರಾ, ಇಲ್ಲಾ ನಿಮ್ಮ ನಂಬರ್ ಒಂದನ್ನ ಇಟ್ಕೊಂಡು ಉಳಿದಿದ್ದನ್ನ ನಿಲ್ಲಿಸ್ಬೇಕಾ ಅಂತ. ಅವರು ಎರಡನೇದನ್ನ ಒತ್ತಿದ್ದಾರೆ.”

ಪಿಟೀಲು, ಆ ಸಾಲನ್ನು ಇನ್ನೊಂದು ಸಲ ಓದು. ತಂತ್ರಜ್ಞಾನ ಕೈಕೊಟ್ಟದ್ದಲ್ಲ, ಟವರ್ ಬಿದ್ದದ್ದಲ್ಲ. ನಮ್ಮ ಅಣ್ಣ, ಒಂದೇ ಕುಟುಂಬ ಒಂದೇ ಬಿಲ್ಲು ಎಂದು ಹಾಡಿದವನು, ಟೋಪಿ ಸರಿಮಾಡಿಕೊಂಡು, ಹೆಬ್ಬೆರಳಿನಿಂದ ತನ್ನ ತಾಯಿ, ಹೆಂಡತಿ, ಇಬ್ಬರು ತಂಗಿಯರನ್ನು ದೀಪದ ಹಾಗೆ ನಂದಿಸಿ, ಮತ್ತೆ ದೋಣಿಯ ವಿಡಿಯೋಗೆ ಮರಳಿದ.

ಅವನು ಬಂದ ದಿನವೇ ಅವನ ಮನೆಗೆ ಹೋದೆ. ಸೋಫಾದ ಮೇಲೆ ಕಾಲು ಮಡಿಸಿ ಕೂತಿದ್ದ. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಒಂದೆರಡು ದಿನ ಫೋನ್ ಇಲ್ದಿದ್ರೆ ಏನು ಮುಳುಗಿಹೋಗುತ್ತೆ? ನಮ್ಮ ಕಾಲದಲ್ಲಿ ಇತ್ತಾ?” ಎಂದ. ಮಗುವಿನ ಕೈ ಎಂದೆ.

“ಬದುಕಿದೆ ತಾನೆ?” ಎಂದ.

ನಾನು ಅವನ ಮುಖವನ್ನೇ ನೋಡಿದೆ. ಅಪ್ಪನದೇ ಹಣೆ, ಅಪ್ಪನದೇ ಕಿವಿ. ನಡುವೆ ಇರುವುದನ್ನೆಲ್ಲ ಎಲ್ಲಿಂದ ತಂದನೋ. ಅಂಗಡಿಯ ನಂಬರು ಬಿಟ್ಟುಕೊಡು, ಸಹಿ ಹಾಕು, ನಾನು ಬೇರೆ ಹೋಗುತ್ತೇನೆ ಎಂದೆ.

“ಅದು ಅಪ್ಪನ ನಂಬರ್. ಅಂದ್ರೆ ಮನೆಗೆ ಸೇರಿದ್ದು. ಮನೆಗೆ ಹಿರಿಯ ಯಾರು?” ಎಂದು ಕೇಳಿದ. ಅಪ್ಪನ ಸುತ್ತಿಗೆ, ಅಪ್ಪನ ಅರ, ಅಪ್ಪನ ಕೀಲು ಹಿಡಿಯುವ ಇಕ್ಕಳ ಯಾವುದನ್ನೂ ಅವನು ಯಾವತ್ತೂ ಕೇಳಿದವನಲ್ಲ. ಅವುಗಳಿಗೆ ಎಣ್ಣೆ ಹಾಕಬೇಕಾಗುತ್ತದೆ. ಆಮೇಲೆ ನನ್ನನ್ನು ಹೆದರಿಸಲು ನೋಡಿದ. ಒಂದು ನಂಬರು ಹೊರಗೆ ಹೋದರೆ ಎಲ್ಲರ ರಿಯಾಯಿತಿಯೂ ಬಿದ್ದುಹೋಗುತ್ತದೆ, ಅಮ್ಮ ಪೂರ್ತಿ ದರ ಕೊಡಬೇಕಾಗುತ್ತದೆ, ಪಾಪದ ತಂಗಿ ಒಬ್ಬಳೇ ಬೇರೆ ಊರಿನಲ್ಲಿದ್ದಾಳೆ. “ಅದೂ ಅಲ್ದೆ ನಿನ್ನ ನಂಬರ್ ಮೇಲೆ ಫೋನಿನ ಕಂತು ಇನ್ನೂ ಬಾಕಿ ಇದೆ. ಹೋಗೋದಾದ್ರೆ ಒಟ್ಟಿಗೆ ಕಟ್ಟಿ ಹೋಗು.”

ನನ್ನ ಫೋನು ಅಪ್ಪನದು. ಅಂಚು ಸವೆದು ಬೆಳ್ಳಗಾದ ಹಳೆಯ ಡಬ್ಬ. ಯಾವ ಕಂತು ಎಂದು ಕೇಳಿದೆ.

ಅತ್ತಿಗೆ ಟೀ ತಂದಿಡುತ್ತಿದ್ದವಳು, ಲೋಟ ಮೇಜಿಗೆ ಮುಟ್ಟಿಸುತ್ತ, ಮೆಲ್ಲಗೆ ಎಂದಳು: “ಅವಳ ನಂಬರಿನ ಮೇಲೆ ತಗೊಂಡಿರೋ ಫೋನ್ ಈಗ ನಿಮ್ಮ ಕೈಲಿ ಇರೋದೇ ಅಲ್ವಾ?”

ಅಣ್ಣ ಕೈಯಲ್ಲಿದ್ದ ಫೋನನ್ನು ಸೋಫಾದ ಮೇಲೆ ಬೋರಲು ಹಾಕಿದ, ಅದು ಮುಖ ಮುಚ್ಚಿದರೆ ನಮಗೆ ಕಾಣುವುದಿಲ್ಲ ಎಂಬ ಹಾಗೆ. “ನಿಂಗ್ಯಾಕೆ ಇದೆಲ್ಲ? ಒಳಗೆ ಹೋಗು” ಎಂದ. ಅತ್ತಿಗೆ ಒಳಗೆ ಹೋದಳು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದಳು. ಅವಳು ಅವನ ಎದುರು ಹಾಗೆ ಬಾಯಿಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ದೋಣಿಯ ಮೇಲೆ ನೇರಪ್ರಸಾರ ಮಾಡಿದ ಆ ಫೋನಿನ ಕಂತನ್ನು ತಿಂಗಳ ಪಾಲಿನಲ್ಲೇ ನಾನು ಕಟ್ಟುತ್ತಿದ್ದೆ, ತಂಗಿ. ನಿನ್ನ ನಂಬರಿನ ಮೇಲೆ ಏನು ತೆಗೆದಿದ್ದಾನೋ ನನಗೆ ಗೊತ್ತಿಲ್ಲ. ಅವನ ಆಫೀಸಿನ ಗೋಡೆಯಲ್ಲಿ ಈಚೆಗೆ ಒಂದು ದೊಡ್ಡ ಪರದೆ ಬಂದಿದೆ. ಕೇಳಿ ನೋಡು. ನೊಂದುಕೊಳ್ಳುತ್ತಾನೆ.

ನಾನು ಟೀ ಕುಡಿಯಲಿಲ್ಲ. ಜಗಳವನ್ನೂ ಆಡಲಿಲ್ಲ. ಜಗಳವಾಡಲು ಎದುರಿಗೆ ಒಬ್ಬ ಮನುಷ್ಯ ಬೇಕು. “ಇಟ್ಕೋ ನಂಬರು” ಎಂದು ಎದ್ದು ಬಂದೆ. ಅವನು ಗೆದ್ದೆ ಎಂದುಕೊಂಡು ಬಾಗಿಲ ತನಕ ಬಂದು ಬೀಳ್ಕೊಟ್ಟ.

ಅದೇ ವಾರ ನನ್ನ ಹೆಸರಿನಲ್ಲಿ, ನನ್ನ ಸಹಿ ಹಾಕಿ, ಒಂದು ಹೊಸ ನಂಬರು ಕೊಂಡೆ. ಬೋರ್ಡಿನ ಮೇಲಿನ ಅಪ್ಪನ ನಂಬರಿಗೆ ನಾನೇ ಬಣ್ಣ ಬಳಿದೆ. ಹೊಸ ಸ್ಟಿಕ್ಕರ್ ಮಾಡಿಸಿ ಬೀದಿ ಬೀದಿ ತಿರುಗಿದೆ. ಅಮ್ಮನೂ ಬಂದಳು. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಹಳೆಯದನ್ನು ಉಗುರಿನಿಂದ ಕೆರೆದು ತೆಗೆದು, ಹೊಸದನ್ನು ಅಂಗೈಯಿಂದ ಉಜ್ಜಿ ಕೂರಿಸುತ್ತಿದ್ದಳು. ಯಾಕೆ ಬದಲಾಯಿತು ಎಂದು ಕೇಳಿದವರಿಗೆಲ್ಲ, “ನನ್ನ ಮಗ ಕಾರು ಓಡ್ಸೋದು ಕಲಿಸ್ತಾನೆ. ಅವನಿಗೆ ಬೀಗದ ನಂಬರ್ ಬೇಕಂತೆ” ಎನ್ನುತ್ತಿದ್ದಳು. ಅಷ್ಟು ಚಪ್ಪಟೆಯಾದ ದನಿಯಲ್ಲಿ ಹೇಳುತ್ತಿದ್ದಳು, ಕೇಳಿದವರು ನಗಬೇಕೋ ಬಿಡಬೇಕೋ ತಿಳಿಯದೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಬೇಕರಿಯ ಮೇಲಿನ ಮನೆಗೆ ಕೊನೆಗೆ ಹೋದೆ. ಒಬ್ಬಳೇ ಹೋದೆ. ಮಗುವಿನ ತಾಯಿ ಬಾಗಿಲು ತೆರೆದು ನನ್ನನ್ನು ಗುರುತು ಹಿಡಿದಳು. ನಾನು ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವಳು ಅವನ್ನು ಕೇಳಲು ನಿಲ್ಲಲಿಲ್ಲ. “ನಂಬರೇನೂ ಬೇಡ. ಈ ಮನೇಲಿ ಒಂದು ಬಾಗಿಲೂ ಒಳಗಿಂದ ಬೀಳಬಾರ್ದು, ಅಷ್ಟು ಮಾಡ್ಕೊಡಿ” ಎಂದಳು. ಒಂದು ಮಧ್ಯಾಹ್ನ ಪೂರ್ತಿ ಕೂತು ಎಲ್ಲ ಹಿಡಿಗಳನ್ನೂ ಬಿಚ್ಚಿ, ಎರಡೂ ಕಡೆಯಿಂದ ತೆರೆಯುವಂಥವನ್ನು ಕೂರಿಸಿದೆ. ಮಗು ಕೈಗೆ ಪ್ಲಾಸ್ಟರ್ ಕಟ್ಟಿಕೊಂಡು ನನ್ನ ಪಕ್ಕದಲ್ಲೇ ಕೂತು, ಬಿಚ್ಚಿದ ಮೊಳೆಗಳನ್ನು ಒಂದೊಂದಾಗಿ ನನ್ನ ಪೆಟ್ಟಿಗೆಗೆ ಹಾಕುತ್ತಿತ್ತು. ನಾನು ಹೊರಡುವಾಗ ತಾಯಿ ಕೈ ಚಾಚಿದಳು. “ಕೊಡಿ ಆ ಸ್ಟಿಕ್ಕರ್” ಎಂದಳು. ನನ್ನ ಮುಖ ನೋಡಲಿಲ್ಲ, ಆದರೆ ತೆಗೆದುಕೊಂಡಳು.

ಇನ್ನು ಅಪ್ಪನ ನಂಬರು ಏನಾಯಿತು ಎನ್ನುತ್ತೀಯಾ? ಮೊನ್ನೆ ಬೇರೆಯವರ ಫೋನಿನಿಂದ ಕರೆ ಮಾಡಿ ನೋಡಿದೆ. ಒಂದು ಹೆಣ್ಣು ದನಿ ಸಂಗೀತದ ನಡುವೆ, “ಹೊಸ ಬ್ಯಾಚು ಸೋಮವಾರದಿಂದ ಶುರು. ಕಾರಿಗೆ ಒಂದನ್ನು ಒತ್ತಿ, ಸ್ಕೂಟರಿಗೆ ಎರಡನ್ನು ಒತ್ತಿ” ಎಂದಿತು. ಹಳೆಯ ಸ್ಟಿಕ್ಕರ್ ಇನ್ನೂ ಎಷ್ಟು ಬಾಗಿಲ ಮೇಲಿದೆಯೋ ದೇವರಿಗೇ ಗೊತ್ತು. ಕೀ ಕಳೆದುಕೊಂಡು ಬೀದಿಯಲ್ಲಿ ನಿಂತವರಿಗೆ ಅಣ್ಣ ಈಗ ಸ್ಕೂಟರ್ ಕಲಿಸುತ್ತಿದ್ದಾನೆ.

ಅಮ್ಮನೂ ಪ್ಲಾನಿನಿಂದ ಹೊರಗೆ ಬಂದಳು. ನೀನು ಅದನ್ನು ನಾನು ಹೇಳಿಕೊಟ್ಟದ್ದು ಎಂದುಕೊಂಡಿದ್ದೀಯ. ನಾನು ಅಲ್ಲಿ ಇರಲೇ ಇಲ್ಲ. ಅವಳೇ ಟವೆಲು ಸಮೇತ ಫೋನನ್ನು ತೆಗೆದುಕೊಂಡು ಹೋಗಿ ಅವನ ಮೇಜಿನ ಮೇಲಿಟ್ಟು, “ತಗೋ. ನನ್ನ ಮಾತು ಕೇಳ್ಬೇಕು ಅಂದ್ರೆ ನೀನೇ ಬಾ” ಎಂದು ಹೇಳಿ ಬಂದಳಂತೆ. ಅವನು ಇನ್ನೂ ಬಂದಿಲ್ಲ. ಅಮ್ಮ ಕಾಯುತ್ತಲೂ ಇಲ್ಲ.

ಕೊನೆಗೆ ಅತ್ತಿಗೆಯ ಮಾತು. ಅವಳು ಮೊದಲು ನಿನ್ನ ಗೆಳತಿ. ನಿನ್ನ ಕೈ ಹಿಡಿದು ನಮ್ಮ ಮನೆಗೆ ಬಂದವಳು, ಆಮೇಲೆ ಅಣ್ಣನ ಕಣ್ಣಿಗೆ ಬಿದ್ದವಳು. ಮದುವೆಯಾದ ಮೇಲೆ ಅವಳಿಗೆ ಜಂಬ ಬಂತು, ಫೋನ್ ಮಾಡುವುದಿಲ್ಲ, ಮಾಡಿದರೂ ಎರಡು ಮಾತಿಗೆ ಇಟ್ಟುಬಿಡುತ್ತಾಳೆ ಎಂದು ನೀನು ನನ್ನ ಹತ್ತಿರ ಎಷ್ಟು ಸಲ ಗೊಣಗಿದ್ದೀಯ. ಆ ಟೀ ದಿನದ ಮಾರನೆಯ ವಾರ ಅವಳು ಅಂಗಡಿಗೆ ಬಂದಳು. ನಡೆದೇ ಬಂದಿದ್ದಳು, ಕೈಯಲ್ಲಿ ಫೋನಿರಲಿಲ್ಲ. ಕೌಂಟರಿನ ಒಳಗಿನ ಸ್ಟೂಲಿನ ಮೇಲೆ ಕೂತು, ತೂಗುಹಾಕಿದ ಕೀಗಳನ್ನು ನೋಡುತ್ತ, ಬೇರೆ ಯಾರದೋ ಕಥೆ ಹೇಳುವವಳಂತೆ ಹೇಳಿದಳು.

ತಿಂಗಳ ಬಿಲ್ಲು ಬಂದ ದಿನ ಅಣ್ಣ ಅದನ್ನು ಅಚ್ಚು ಹಾಕಿಸಿ ತರುತ್ತಾನೆ. ಊಟವಾದ ಮೇಲೆ ಅವಳನ್ನು ಎದುರಿಗೆ ಕೂರಿಸಿಕೊಂಡು, ಅವಳ ನಂಬರಿನ ಕೆಳಗಿರುವ ಒಂದೊಂದು ಕರೆಯ ಮೇಲೂ ಪೆನ್ನು ಇಟ್ಟು ಕೇಳುತ್ತಾನೆ: ಇದು ಯಾರು, ಯಾಕೆ ಇಷ್ಟು ಹೊತ್ತು, ನನ್ನ ವಿಷಯ ಏನಂದೆ. ಬೈಯುವುದಿಲ್ಲವಂತೆ, ಹೊಡೆಯುವುದಿಲ್ಲವಂತೆ. ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೇಳುತ್ತಾನಂತೆ. “ಮೊದಮೊದಲು ಉತ್ತರ ಕೊಡ್ತಿದ್ದೆ. ಆಮೇಲೆ ಉತ್ತರ ಕೊಡೋದಕ್ಕಿಂತ ಫೋನ್ ಮಾಡ್ದೇ ಇರೋದೇ ಸುಲಭ ಅನ್ನಿಸ್ತು” ಎಂದಳು. ಹಾಗೆ ಅವಳ ತಂಗಿಯ ಹೆಸರು ಹೋಯಿತು, ಹಳೆಯ ಟೀಚರ್ ಹೆಸರು ಹೋಯಿತು, ನಿನ್ನ ಹೆಸರು ಹೋಯಿತು. ಈಗ ಅವಳ ನಂಬರಿನ ಕೆಳಗೆ ಬರುವುದು ಅವನ ನಂಬರು ಒಂದೇ. ಬಿಲ್ಲು ನೋಡಿ ಅವನು, “ನೋಡು, ಎಷ್ಟು ಚೆನ್ನಾಗಿ ಉಳಿತಾಯ ಮಾಡ್ತಿದ್ದೀಯ” ಎನ್ನುತ್ತಾನಂತೆ.

ಅವನನ್ನು ದ್ವೇಷಿಸಲು ಇಷ್ಟು ದಿನ ಪ್ರಯತ್ನಪಟ್ಟೆ. ಆಗುವುದಿಲ್ಲ. ದ್ವೇಷಕ್ಕೆ ಸ್ವಲ್ಪವಾದರೂ ಗಾತ್ರ ಬೇಕು. ಇವನು ಹೆಂಡತಿಯ ಗೆಳತಿಯರನ್ನು ಪೆನ್ನಿನ ತುದಿಯಲ್ಲಿ ಒಬ್ಬೊಬ್ಬರನ್ನಾಗಿ ಹೊಡೆದುಹಾಕಿ, ಅದಕ್ಕೆ ಉಳಿತಾಯ ಎಂದು ಹೆಸರಿಡುವವನು. ಚಪ್ಪಲಿಯ ಅಟ್ಟೆಗೆ ಅಂಟಿದ್ದನ್ನು ಯಾರಾದರೂ ದ್ವೇಷಿಸುತ್ತಾರಾ? ಹುಲ್ಲಿನ ಮೇಲೆ ಒರೆಸಿ ಮುಂದೆ ನಡೆಯುತ್ತಾರೆ.

ನೀನು ಏನು ಮಾಡಬೇಕು ಎಂದು ಹೇಳುವ ಹಕ್ಕು ನನಗಿಲ್ಲ, ಆದರೂ ಹೇಳುತ್ತೇನೆ. ನಾಳೆ ಲ್ಯಾಬಿನಿಂದ ಬರುವಾಗ ನಿನ್ನ ಹೆಸರಿನಲ್ಲಿ ಒಂದು ನಂಬರು ತೆಗೆದುಕೋ. ಸಣ್ಣ ಅಕ್ಷರಗಳನ್ನು ಓದು. ನಿನ್ನ ಕನ್ನಡಕ ಇರುವುದು ಅದಕ್ಕೇ. ಹಳೆಯ ನಂಬರಿನ ಮೇಲೆ ಕಂತು ಬಾಕಿ ಇದೆ ಎಂದು ಅವನು ಹೆದರಿಸಿದರೆ, ಯಾವ ಫೋನಿನ ಕಂತು, ಅದು ಈಗ ಯಾರ ಕೈಯಲ್ಲಿದೆ ಎಂದು ಕೇಳು. ಮುಂದೆ ಅವನೇ ಮಾತು ಬದಲಿಸುತ್ತಾನೆ. ಅಣ್ಣನ ಪ್ರೀತಿ ಕಡಿಮೆಯಾಗುತ್ತದೆ ಎಂಬ ಭಯ ಬೇಡ. ಪ್ಲಾನಿನಿಂದ ಹೊರಗೆ ಬಂದ ಮೇಲೆ ನನಗೂ ಅಮ್ಮನಿಗೂ ಅವನಿಂದ ಒಂದು ಕರೆಯೂ ಬಂದಿಲ್ಲ. ಅದು ಎಷ್ಟಿತ್ತು ಎಂಬುದು ಅದರಿಂದಲೇ ತಿಳಿಯಿತು.

ಅಮ್ಮ ನಿನ್ನನ್ನು ಕೇಳಿದ್ದಾಳೆ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದಾಳೆ. ನಾನು ಚೆನ್ನಾಗಿದ್ದೇನೆ. ಕರೆಗಳು ಮತ್ತೆ ಬರತೊಡಗಿವೆ.

ನಿನ್ನ ಅಕ್ಕ,
ಚಿಲಕ

ಮರೆತ ಮಾತು: ಈ ಕಾಗದವನ್ನು ಅಂಚೆಗೆ ಹಾಕಿಲ್ಲ. ನಿನ್ನ ಕೈಗೆ ತಂದುಕೊಟ್ಟಿರುವವಳು ಅತ್ತಿಗೆಯೇ. ಎರಡು ಚೀಲ ತಂದಿದ್ದಾಳೆ. ಫೋನನ್ನು ಅವನ ದಿಂಬಿನ ಮೇಲೆ ಬಿಟ್ಟು ಬಂದಿದ್ದಾಳೆ. ಅವಳನ್ನು ಹುಡುಕಿಕೊಂಡು ಅವನು ಮೊದಲು ಬರುವುದು ನನ್ನ ಅಂಗಡಿಗೆ. ಬರಲಿ, ನಾನೂ ಅಮ್ಮನೂ ಇದ್ದೇವೆ. ಅವಳು ಬಂದು ಸೇರಿದಳು ಎಂದು ತಿಳಿಸಲು ನಿನ್ನ ಫೋನು ಮುಟ್ಟಬೇಡ, ಪಕ್ಕದ ಮನೆಯವರದು ಕೇಳು. ನೀನು ಒಳಗೆ ಕರೆಯುವುದಿಲ್ಲವೇನೋ ಎಂಬ ಹೆದರಿಕೆ ಅವಳಿಗೆ, ಅದಕ್ಕೇ ನನ್ನಿಂದ ಇಷ್ಟುದ್ದ ಬರೆಸಿದ್ದು. ನನಗೆ ಗೊತ್ತು, ನೀನು ನಿಂತಲ್ಲೇ ಓದಲು ಶುರುಮಾಡುವವಳು. ಇನ್ನೂ ಅವಳನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡಿದ್ದರೆ ಮೊದಲು ಆ ಚೀಲ ಇಸಿದುಕೋ. ನನಗೆ ಬೈಯುವುದು ಆಮೇಲೆ.